ಹಾಸನವೋ ಚಿಕ್ಕಮಗಳೂರೋ: ಬಾಡಿಗೆ ಮನೆಯವರ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಾಸನಕ್ಕೆ. ಚಿಕ್ಕಮಗಳೂರು ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಗೆ ಎರಡು ದಿನ ಬಂದು ಹೋಗುವುದು ಬೇರೆ. ಅಲ್ಲೇ ಬಾಡಿಗೆ ಮನೆ ಹಿಡಿದು, ಸಂಬಳದಲ್ಲಿ ತಿಂಗಳು ತಳ್ಳಿ, ಕೆಲಸದ ಮೇಲೆ ಆಗಾಗ ಬೆಂಗಳೂರಿಗೆ ಓಡಾಡುವುದು ಬೇರೆ. ಎರಡೂ ಊರಲ್ಲಿ ಬಾಡಿಗೆಗೆ ಇದ್ದು ನೋಡಿದ ಮೇಲೆ ಬರೆದದ್ದು ಇದು. ಎತ್ತರ, ಜನಸಂಖ್ಯೆ, ಸುತ್ತಮುತ್ತಲ ದೇವಸ್ಥಾನ, ಜಲಪಾತ ಎಲ್ಲರಿಗೂ ಗೊತ್ತಿರುವ ಸಂಗತಿ, ಅವನ್ನು ಬಿಟ್ಟಿದ್ದೇನೆ.

ಬೇಸಿಗೆಯಲ್ಲಿ ಚಿಕ್ಕಮಗಳೂರಿಗೇ ಗೆಲುವು. ಏಪ್ರಿಲ್‌ನಲ್ಲೂ ಸಂಜೆ ಐದರ ಮೇಲೆ ಗಿರಿ ಕಡೆಯಿಂದ ಗಾಳಿ ಇಳಿಯುತ್ತದೆ, ರಾತ್ರಿ ಫ್ಯಾನಿಲ್ಲದೆ ಮಲಗಬಹುದು. ಹಾಸನದಲ್ಲಿ ಮಧ್ಯಾಹ್ನ ತಾರಸಿ ಕಾದು, ರಾತ್ರಿ ಹತ್ತರವರೆಗೂ ಮೇಲಿನ ಮಹಡಿಯ ಕೋಣೆ ಬಿಸಿಯಾಗಿಯೇ ಇರುತ್ತದೆ.

ಲೆಕ್ಕ ತಿರುಗುವುದು ಮಳೆಗಾಲದಲ್ಲಿ. ಚಿಕ್ಕಮಗಳೂರು ಪಟ್ಟಣದಲ್ಲಿ ಶೃಂಗೇರಿ, ಕೊಪ್ಪದ ಹಾಗೆ ಮಳೆ ಸುರಿಯುವುದಿಲ್ಲ. ಆರಿದ್ರೆಯಿಂದ ಆಶ್ಲೇಷದವರೆಗೆ ಜಿರಿಜಿರಿ ಹನಿ, ಜೊತೆಗೆ ಪಶ್ಚಿಮದ ಗಾಳಿ, ಮೇಲೆ ಬಿಸಿಲೇ ಇಲ್ಲದ ಮೋಡ. ಅಳತೆಯಲ್ಲಿ ಇದು ದೊಡ್ಡ ಮಳೆಯಲ್ಲ. ತೊಂದರೆ ಎಲ್ಲಿ ಅಂದರೆ, ಒದ್ದೆಯಾದ ಗೋಡೆಗೆ ಒಣಗಲು ಒಂದು ದಿನವೂ ಸಿಗುವುದಿಲ್ಲ. ಇತ್ತೀಚೆಗೆ ಬಾಡಿಗೆಗೆಂದೇ ಕಟ್ಟಿದ ಮನೆಗಳಲ್ಲಿ ಹೊರಗೋಡೆ ಆರಿಂಚಿನ ಸಿಮೆಂಟ್ ಬ್ಲಾಕಿನದು, ಸಜ್ಜಾ ಒಂದೂವರೆ ಅಡಿಯೂ ಇರುವುದಿಲ್ಲ. ಗಾಳಿಮಳೆ ನೇರವಾಗಿ ಗೋಡೆಗೆ ಬಡಿಯುತ್ತದೆ. ಸಜ್ಜಾ ಗೋಡೆಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಒಳಗೆ ಕೂರುತ್ತದೆ. ಜುಲೈ ಕೊನೆಗೆ ಒಳಗಿನ ಬಣ್ಣ ಗುಳ್ಳೆ ಏಳುತ್ತದೆ, ಆಗಸ್ಟ್‌ಗೆ ಕಪ್ಪು ಚುಕ್ಕೆ ಬರುತ್ತದೆ. ಅದೇ ಗೋಡೆಯಲ್ಲಿ ಕಡಪ ಕಲ್ಲಿನ ಕಪಾಟಿದ್ದರೆ ಮುಗಿಯಿತು: ರೇಷ್ಮೆ ಸೀರೆಯ ಮಡಿಕೆ, ಚರ್ಮದ ಬೆಲ್ಟು, ಹೆಲ್ಮೆಟ್ಟಿನ ಒಳಗಿನ ಬಟ್ಟೆ, ಮಕ್ಕಳ ಶೂ, ಎಲ್ಲಕ್ಕೂ ಬೂಷ್ಟು. ಕಲ್ಲು ತಣ್ಣಗಿರುವುದರಿಂದ ಅಡುಗೆಮನೆಯ ಆವಿ ಹೋಗಿ ಅಲ್ಲೇ ನೀರಾಗುತ್ತದೆ.

ಬಟ್ಟೆ ಒಣಗಿಸುವುದು ಇನ್ನೊಂದು ಪಾಡು. ಹತ್ತಿ ಬಟ್ಟೆಗೆ ಎರಡು ದಿನ, ಜೀನ್ಸಿಗೆ ಮೂರು, ಟವೆಲ್ಲಿಗೆ ಮುಕ್ಕುವಾಸನೆ ತಪ್ಪುವುದಿಲ್ಲ. ಹಳೇ ಮನೆಗಳಲ್ಲಿ ಬಚ್ಚಲಿಗೆ ಹಂಡೆ ಒಲೆ ಇರುತ್ತಿತ್ತು, ಅದರ ಮೇಲಿನ ಬಿದಿರಿನ ಗಳದಲ್ಲಿ ರಾತ್ರಿ ಹಾಕಿದ ಬಟ್ಟೆ ಬೆಳಗ್ಗೆಗೆ ಬೆಚ್ಚಗೆ ಕೈಗೆ ಬರುತ್ತಿತ್ತು. ಹೊಸ ಮನೆಗಳಲ್ಲಿ ಒಲೆ ಇಲ್ಲ, ಸೋಲಾರ್ ಇದೆ. ಆ ಸೋಲಾರ್ ಮಳೆಗಾಲದಲ್ಲಿ ಉಗುರುಬೆಚ್ಚಗಿನ ನೀರು ಕೊಟ್ಟರೆ ಹೆಚ್ಚು. ಗೀಸರ್ ಬೇಕೇ ಬೇಕು.

ಉಪಾಯ ಇಲ್ಲವೆಂದಲ್ಲ. ಒಳಗೆ ಹಗ್ಗ ಕಟ್ಟುವುದಾದರೆ ಬಟ್ಟೆಯ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಕೆಳಗಿನಿಂದ ಟೇಬಲ್ ಫ್ಯಾನ್ ಬಿಡಬೇಕು. ಮೇಲಿನ ಫ್ಯಾನಿಗಿಂತ ಇದು ಬೇಗ ಒಣಗಿಸುತ್ತದೆ. ಬೀರುವನ್ನು ಗೋಡೆಗೆ ಆನಿಸದೆ ಮೂರಿಂಚು ಈಚೆ ಇಡಬೇಕು. ಕಿಟಕಿಯನ್ನು ದಿನವಿಡೀ ತೆಗೆದಿಟ್ಟರೆ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ಮಳೆ ನಿಂತು ಗಾಳಿ ಸ್ವಲ್ಪ ಒಣಗಿರುವ ಹೊತ್ತು, ಸಾಮಾನ್ಯವಾಗಿ ಹನ್ನೊಂದರಿಂದ ಮೂರರ ಒಳಗೆ, ತೆಗೆದು ಮತ್ತೆ ಮುಚ್ಚಬೇಕು. ಅಡುಗೆ ಮಾಡುವಾಗ ಮತ್ತು ಸ್ನಾನದ ನಂತರ ಎಕ್ಸಾಸ್ಟ್ ಓಡಲೇಬೇಕು. ಗಾಳಿಯ ತೇವ ಹೀರುವ ಯಂತ್ರ ಕೊಂಡರೆ ಕೆಲಸ ಮಾಡುತ್ತದೆ, ಆದರೆ ಖರ್ಚು ನೋಡಿಕೊಳ್ಳಿ: 250 ವ್ಯಾಟಿನದು ದಿನಕ್ಕೆ ಎಂಟು ಗಂಟೆ ಓಡಿದರೆ ಎರಡು ಯೂನಿಟ್, ತಿಂಗಳಿಗೆ ಅರವತ್ತು. ಒಂದು ಕೋಣೆಯ ಬಾಗಿಲು ಮುಚ್ಚಿ, ಒಗೆದ ಬಟ್ಟೆಯನ್ನೂ ಅಲ್ಲೇ ನೇತುಹಾಕಿ ಓಡಿಸಿದರೆ ಮಾತ್ರ ಕಾಸಿಗೆ ಬೆಲೆ.

ಬೂಷ್ಟು ಬಂದ ಗೋಡೆಯನ್ನು ಮಳೆಗಾಲದಲ್ಲೇ ಒರೆಸಿ ಬಣ್ಣ ಬಳಿಸುವ ಮನೆ ಮಾಲೀಕರಿದ್ದಾರೆ. ಅದು ಒಂದೂವರೆ ತಿಂಗಳೂ ನಿಲ್ಲುವುದಿಲ್ಲ. ಒದ್ದೆ ಗೋಡೆಯ ಮೇಲೆ ಬಳಿದ ಬಣ್ಣ ಒಳಗಿನ ನೀರನ್ನು ಹಿಡಿದಿಟ್ಟು ಪದರವಾಗಿ ಕಿತ್ತು ಬರುತ್ತದೆ. ಸರಿಯಾದ ಕೆಲಸ ಮಾರ್ಚ್‌-ಏಪ್ರಿಲ್‌ನಲ್ಲಿ, ಮತ್ತು ಹೊರಗಡೆಯಿಂದ: ಸಜ್ಜಾದ ಬಿರುಕು ಕೊರೆದು ತುಂಬಿಸಿ, ಪಶ್ಚಿಮದ ಗೋಡೆಗೆ ವಾಟರ್‌ಪ್ರೂಫ್ ಕೋಟ್ ಎರಡು ಸಲ ಕೊಡಿಸಬೇಕು. ಅಗ್ರಿಮೆಂಟ್ ಬರೆಯುವಾಗಲೇ ಇದನ್ನು ಮಾತಾಡಿಕೊಳ್ಳದಿದ್ದರೆ ಆಮೇಲೆ ಯಾರೂ ಮಾಡಿಸಿಕೊಡುವುದಿಲ್ಲ.

ಚಿಕ್ಕಮಗಳೂರಲ್ಲೇ ಮನೆ ಹಿಡಿಯಬೇಕು ಅನ್ನುವವರು ಬೇಸಿಗೆಯಲ್ಲಿ ನೋಡುವಾಗ ಇಷ್ಟು ಗಮನಿಸಿ. ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಅನುಮಾನ ಪಡಿ. ನೆಲದಿಂದ ಒಂದು ಅಡಿಯವರೆಗೆ ಬಣ್ಣ ಸಡಿಲವಾಗಿದ್ದರೆ ತೇವ ತಳಪಾಯದಿಂದ ಏರುತ್ತಿದೆ, ಅದಕ್ಕೆ ಬಾಡಿಗೆದಾರರ ಕೈಯಲ್ಲಿ ಮದ್ದಿಲ್ಲ, ಎದ್ದು ಬನ್ನಿ. ಕಿಟಕಿಯ ಮೇಲಿನ ಮೂಲೆಯಲ್ಲಿ ಕಂದು ಗೆರೆ ಇದ್ದರೆ ಸಜ್ಜಾದ ಸಮಸ್ಯೆ, ರಿಪೇರಿ ಆಗುತ್ತದೆ. ಪಶ್ಚಿಮ ಗೋಡೆಯ ಸ್ವಿಚ್‌ಬೋರ್ಡಿನ ಸ್ಕ್ರೂ ತುಕ್ಕು ಹಿಡಿದಿದೆಯೋ ನೋಡಿ. ಮುಚ್ಚಿದ ಕಪಾಟು ತೆಗೆದು ಮೂಸಿ ನೋಡಿ, ನಾಚಿಕೆಪಡಬೇಡಿ. ಎಲ್ಲಕ್ಕಿಂತ ಮುಖ್ಯ, ತಾರಸಿಯ ಮೇಲೆ ಕಂಬ ನೆಟ್ಟು ಶೀಟ್ ಹೊದಿಸಿದ ಮನೆಯನ್ನೇ ಹುಡುಕಿ. ಸೋರುವುದೂ ತಪ್ಪುತ್ತದೆ, ಬಟ್ಟೆ ಹರವಲು ಗಾಳಿಯಾಡುವ ಜಾಗವೂ ಸಿಗುತ್ತದೆ. ನಾಲ್ಕು ಕಾಸು ಬಾಡಿಗೆ ಹೆಚ್ಚಾದರೂ ಪರವಾಗಿಲ್ಲ.

ಹಾಸನದಲ್ಲೂ ಜುಲೈ ಸೋನೆ ಇದೆ. ಆದರೆ ಮಧ್ಯೆ ಮಧ್ಯೆ ಎರಡು ಗಂಟೆ ಬಿಸಿಲು ಬೀಳುತ್ತದೆ, ಅಷ್ಟೇ ಸಾಕು. ಕೇವಲ ಅರವತ್ತು ಚಿಲ್ಲರೆ ಕಿಲೋಮೀಟರ್ ದೂರಕ್ಕೆ ಇಷ್ಟು ಅಂತರ ಬರುವುದು ಹಾಸನ ಬಯಲಿನ ಕಡೆಗೆ ಚಾಚಿಕೊಂಡಿರುವುದರಿಂದ. ಗಟ್ಟಿ ಮಳೆ ಸಕಲೇಶಪುರದ ಕಡೆಯೇ ಉಳಿದುಬಿಡುತ್ತದೆ.

ಓಡಾಟದ ವಿಷಯಕ್ಕೆ ಬಂದರೆ ಪೈಪೋಟಿಯೇ ಇಲ್ಲ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಬರುವ ಬಸ್ಸುಗಳಲ್ಲಿ ಹೆಚ್ಚಿನವು ಹಾಸನದ ಮೇಲೇ ಬರುತ್ತವೆ. ಅಂದರೆ ಹಾಸನದವರು ಇಳಿದು ಮನೆ ಸೇರಿ ಊಟ ಮುಗಿಸುವ ಹೊತ್ತಿಗೆ ಚಿಕ್ಕಮಗಳೂರಿನವರು ಬೇಲೂರು ದಾಟಿರುವುದಿಲ್ಲ. ಹಾಸನದವರೆಗೆ ನಾಲ್ಕು ಪಥದ ಹೆದ್ದಾರಿ. ಅಲ್ಲಿಂದ ಮುಂದೆ ಒಂದೂವರೆಯಿಂದ ಎರಡು ಗಂಟೆ. ಧರ್ಮಸ್ಥಳ, ಮಂಗಳೂರು, ಸಕಲೇಶಪುರ, ಬೇಲೂರು ಬಸ್ಸುಗಳೆಲ್ಲ ಹಾದು ಹೋಗುವುದರಿಂದ ಹಾಸನಕ್ಕೆ ರಾತ್ರಿ ಹನ್ನೊಂದರ ಮೇಲೂ ಬಸ್ಸು ಸಿಗುತ್ತದೆ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಮನೆಯ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ; ಅಂಥ ಬಸ್ಸು ಹೆಚ್ಚಿರುವ ಊರಲ್ಲಿ ತಿಂಗಳ ಖರ್ಚೂ ಕಡಿಮೆ.

ರೈಲಿನಲ್ಲಂತೂ ಹಾಸನ ಜಂಕ್ಷನ್. ಅರಸೀಕೆರೆ, ಮೈಸೂರು, ಮಂಗಳೂರು ಮೂರೂ ಕಡೆ ಹಳಿ ಮೊದಲಿಂದ ಇತ್ತು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ನೇರ ಮಾರ್ಗ ಪೂರ್ತಿಯಾದ ಮೇಲೆ ಬೆಂಗಳೂರಿಗೆ ಅರಸೀಕೆರೆ ಸುತ್ತುವ ಕಾಟವೂ ತಪ್ಪಿತು. ಚಿಕ್ಕಮಗಳೂರಿಗೆ ಕಡೂರಿನಿಂದ ರೈಲು ಬಂದದ್ದೇ 2013ರಲ್ಲಿ, ಈಗಲೂ ಬೆರಳೆಣಿಕೆಯ ಗಾಡಿಗಳು. ಹುಬ್ಬಳ್ಳಿ ಕಡೆ ಹೋಗಬೇಕಾದವರು ಸುಮಾರು ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕಡೂರಿಗೆ ಹೋಗಿ ರೈಲು ಹತ್ತುತ್ತಾರೆ. ಅವೇಳೆಯಲ್ಲಿ ಕಡೂರಿನಲ್ಲಿ ಇಳಿದರೆ ಬೆಳಗಿನ ಬಸ್ಸಿನವರೆಗೆ ಬೆಂಚೇ ಗತಿ. ಬೇಲೂರಿನ ಮೂಲಕ ಹಾಸನಕ್ಕೆ ಹಳಿ ಜೋಡಿಸುವ ಯೋಜನೆ ಇದೆ, ಅದು ಓಡುವ ದಿನ ಈ ಪ್ಯಾರಾ ತಿದ್ದಬೇಕಾಗಬಹುದು. ಹಾಸನದ ಪರವಾಗಿ ಹೇಳುತ್ತಲೇ ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ನಡುವೆ ಗುಡ್ಡ ಕುಸಿದರೆ ಮಂಗಳೂರು ರೈಲು ನಿಲ್ಲುತ್ತದೆ, ಶಿರಾಡಿ ಘಾಟಿಯೂ ಅದೇ ಹೊತ್ತಿಗೆ ಕೈಕೊಡುವುದುಂಟು. ಕರಾವಳಿಯ ಆಸ್ಪತ್ರೆಯಲ್ಲಿ ದಿನಾಂಕ ತೆಗೆದುಕೊಳ್ಳುವವರು ಜುಲೈ-ಆಗಸ್ಟ್ ತಪ್ಪಿಸಿದರೆ ಒಳ್ಳೆಯದು.

ಶನಿವಾರ-ಭಾನುವಾರ ಚಿಕ್ಕಮಗಳೂರು ಅಲ್ಲಿನವರದ್ದಲ್ಲ. ಶುಕ್ರವಾರ ರಾತ್ರಿಯಿಂದಲೇ ಬೆಂಗಳೂರಿನ ಕಾರುಗಳು, ಬೆಳಗ್ಗೆ ಏಳಕ್ಕೆ ಮುಳ್ಳಯ್ಯನಗಿರಿ ಕಡೆ ಸಾಲು, ಮಧ್ಯಾಹ್ನ ಐ.ಜಿ. ರಸ್ತೆಯಲ್ಲಿ ಬೈಕ್ ನಿಲ್ಲಿಸಲೂ ಜಾಗವಿಲ್ಲ. ಅಲ್ಲಿರುವವರು ಕಂಡುಕೊಂಡ ದಾರಿ ಸರಳ: ದಿನಸಿ, ಬ್ಯಾಂಕು, ಹೋಟೆಲು ಎಲ್ಲ ಗುರುವಾರದೊಳಗೆ ಮುಗಿಸುವುದು, ಗಿರಿಗೆ ಹೋಗುವುದಾದರೆ ಮಂಗಳವಾರ-ಬುಧವಾರ. ವಾರದ ದಿನ ಕೆಲಸಕ್ಕೆ ಹೋಗುವವರಿಗೆ ಇದು ಆಗದ ಮಾತು. ಡಿಸೆಂಬರಿನ ದತ್ತ ಜಯಂತಿ ಹೊತ್ತಿಗೆ ಗಿರಿ ದಾರಿಗೆ ನಿರ್ಬಂಧವೂ ಸೇರುತ್ತದೆ.

ಕಾಫಿ ಪುಡಿಯಲ್ಲಿ ಚಿಕ್ಕಮಗಳೂರು ಮುಂದೆ, ಬಹಳ ಮುಂದೆ. ಎಂ.ಜಿ. ರಸ್ತೆ ಆಸುಪಾಸಿನ ಅಂಗಡಿಗಳಲ್ಲಿ ಅರೇಬಿಕ, ರೊಬಸ್ಟಾ ಪ್ರಮಾಣ ಹೇಳಿ, ಎದುರಿಗೇ ಪುಡಿ ಮಾಡಿಸಿಕೊಳ್ಳಬಹುದು. ಹಾಲು ಹಾಕಿ ಕುಡಿಯುವವರಿಗೆ ಅರೇಬಿಕ 70, ರೊಬಸ್ಟಾ 30, ಒಟ್ಟು ಪುಡಿಯಲ್ಲಿ ಚಿಕೋರಿ ನೂರಕ್ಕೆ 15 ಮೀರದಿರಲಿ. ಫಿಲ್ಟರಿಗಾದರೆ ಸ್ವಲ್ಪ ತರಿಯಾಗಿ ಕೇಳಿ. ಮಳೆಗಾಲದಲ್ಲಿ ಕಾಲು ಕಿಲೋಗಿಂತ ಹೆಚ್ಚು ಬೇಡ, ತೇವಕ್ಕೆ ಗಂಟು ಕಟ್ಟುತ್ತದೆ. ಹಾಸನದಲ್ಲಿ ಸಿಗುವ ಪುಡಿ ಕೆಟ್ಟದ್ದೇನಲ್ಲ, ಆದರೆ ಬಹಳ ಕಡೆ ಚಿಕೋರಿ ಮುಂದಾಗಿರುತ್ತದೆ.

ತರಕಾರಿಗೆ ಹಾಸನವೇ. ಕಟ್ಟಿನಕೆರೆ ಮಾರುಕಟ್ಟೆಗೆ ಸುತ್ತಲ ಹಳ್ಳಿಯ ಮಾಲು ನೇರ ಬರುತ್ತದೆ, ಸಂಜೆ ಏಳರ ಮೇಲೆ ಹೋದರೆ ಸೊಪ್ಪಿನ ದರ ಅರ್ಧಕ್ಕಿಳಿದಿರುತ್ತದೆ. ಆಗಸ್ಟ್‌-ಸೆಪ್ಟೆಂಬರ್‌ನ ಹೊಸ ಆಲೂಗಡ್ಡೆ ಸಿಪ್ಪೆ ತೆಳು, ರುಚಿ ಹೆಚ್ಚು, ಬಾಳಿಕೆ ಕಡಿಮೆ. ಮೂಟೆ ಅಗ್ಗವೆಂದು ಹೊತ್ತು ತಂದರೆ ಒಂದು ಕೊಳೆತು ಉಳಿದದ್ದನ್ನೂ ಕೆಡಿಸುತ್ತದೆ. ಡಿಸೆಂಬರ್‌-ಜನವರಿಯ ಸೊಗಡಿನ ಅವರೆಕಾಯಿಗೆ ಬೇರೆ ಮಾತೇ ಬೇಡ.

ಕಾಲೇಜುಗಳಲ್ಲಿ ಎರಡೂ ಊರು ಸರಿಸಮ. ಆಸ್ಪತ್ರೆಯಲ್ಲಿ ಹಾಸನಕ್ಕೆ ವರ್ಷಗಳ ಮುನ್ನಡೆ ಇದೆ: ಸರ್ಕಾರಿ ವೈದ್ಯಕೀಯ ಕಾಲೇಜು 2006ರಿಂದ ನಡೆಯುತ್ತಿದೆ, ಚಿಕ್ಕಮಗಳೂರಿನದು ಇನ್ನೂ ಹೊಸದು. ವಯಸ್ಸಾದವರು ಮನೆಯಲ್ಲಿದ್ದರೆ ಇದೊಂದೇ ಕಾರಣ ಸಾಕು. ಆಟೋ ಎರಡೂ ಕಡೆ ಮೀಟರಿಲ್ಲ, ಹತ್ತುವ ಮೊದಲೇ ದರ ಮಾತಾಡಿ.

ಹಾಸನದಲ್ಲಿ ಬೇಡವಾದ್ದೂ ಇದೆ. ಊರಿಗೆ ಅಂದ ಕಡಿಮೆ. ಎನ್.ಆರ್. ಸರ್ಕಲ್ಲು, ಬಿ.ಎಂ. ರಸ್ತೆಯಲ್ಲಿ ಸಂಜೆ ಐದೂವರೆಯಿಂದ ಏಳೂವರೆವರೆಗೆ ಹೊಗೆ ಕುಡಿಯಬೇಕು. ವಾಕಿಂಗಿಗೆ ಮಹಾರಾಜ ಪಾರ್ಕು ಬಿಟ್ಟರೆ ನೆರಳಿನ ಜಾಗ ಹೆಚ್ಚಿಲ್ಲ. ಚಿಕ್ಕಮಗಳೂರಿನ ರತ್ನಗಿರಿ ಬೋರೆ ಮೇಲೆ ಸಂಜೆ ನಿಂತವರಿಗೆ ಈ ಕೊರತೆ ಚೆನ್ನಾಗಿ ಅರ್ಥವಾಗುತ್ತದೆ. ಜೊತೆಗೆ ಹಾಸನಾಂಬೆಯ ದರ್ಶನ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆರೆದರೆ ಬಲಿಪಾಡ್ಯಮಿ ಮುಗಿಯುವವರೆಗೆ ದೇವಸ್ಥಾನದ ಸುತ್ತಲ ಬೀದಿಗಳಿಗೆ ಬ್ಯಾರಿಕೇಡ್, ಸ್ವಂತ ಮನೆಗೂ ಸುತ್ತಿ ಬಳಸಿ ಹೋಗಬೇಕು.

ಹಾಗಾಗಿ ಹಾಸನದಲ್ಲಿ ಹುಡುಕುವವರು ದೇವಸ್ಥಾನದ ಪಕ್ಕದ ಬೀದಿ ಮತ್ತು ಬಿ.ಎಂ. ರಸ್ತೆಗೆ ಮುಖ ಮಾಡಿದ ಮನೆ ಎರಡನ್ನೂ ಬಿಡಿ. ಕುವೆಂಪು ನಗರ, ವಿದ್ಯಾನಗರ, ಸಾಲಗಾಮೆ ರಸ್ತೆಯ ಒಳ ಅಡ್ಡರಸ್ತೆಗಳು ನೆಮ್ಮದಿ. ನಲ್ಲಿ ನೀರು ಯಾವ ದಿನ ಬರುತ್ತದೆಂದು ಪಕ್ಕದ ಮನೆಯವರನ್ನೇ ಕೇಳಿ, ಮಾಲೀಕರನ್ನಲ್ಲ. ನಾಲ್ಕು ಜನರ ಸಂಸಾರಕ್ಕೆ ಐದು ಸಾವಿರ ಲೀಟರ್ ಸಂಪಿದ್ದರೆ ಯಾವ ದಿನ ಬಂದರೂ ನಡೆಯುತ್ತದೆ.

ಸ್ವಂತ ಕಾರು, ಮನೆಯಿಂದಲೇ ಕೆಲಸ, ತಾರಸಿಗೆ ಶೀಟ್, ಬಚ್ಚಲಿಗೆ ಹಂಡೆ ಒಲೆ ಇರುವವರಿಗೆ ಚಿಕ್ಕಮಗಳೂರನ್ನು ಬೇಡ ಅನ್ನಲು ಕಾರಣವಿಲ್ಲ. ಬೈಕು, ಬಸ್ಸು, ತಿಂಗಳ ಸಂಬಳ ಇಷ್ಟರಲ್ಲೇ ಇರುವವರು ಹಾಸನದಲ್ಲಿ ಮನೆ ಮಾಡಿ, ತಿಂಗಳಿಗೊಮ್ಮೆ ವಾರದ ನಡುವಿನ ರಜೆ ನೋಡಿಕೊಂಡು ಬೇಲೂರು ಬಸ್ಸು ಹತ್ತಿ, ಗಿರಿ ನೋಡಿ, ಕಾಲು ಕಿಲೋ ಪುಡಿ ಕಟ್ಟಿಸಿಕೊಂಡು ರಾತ್ರಿಗೆ ವಾಪಸ್ ಬರಬಹುದು.