ಮೆಟಾರ್, ಆ್ಯಪ್, ಉಪಗ್ರಹ ಚಿತ್ರ: ಜಕ್ಕೂರಿನಲ್ಲಿ ಒಂದು ವರ್ಷ ಹೋಲಿಸಿ ನೋಡಿದ್ದು

ಬೆಂಗಳೂರಿನ ಜಕ್ಕೂರು ವಿಮಾನಾಂಗಣದಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನ ಹಾರಿಸಲು ಕಲಿಯುತ್ತಿದ್ದಾಗ ಒಂದು ವರ್ಷ ಬಿಡದೆ ಈ ಕೆಲಸ ಮಾಡಿದೆ. ಹಾರಾಟಕ್ಕೆ ಮುನ್ನ ಹವಾಮಾನವನ್ನು ಮೂರು ಕಡೆ ನೋಡಿ ನೋಟ್‌ಬುಕ್‌ನ ಎಡಪುಟದಲ್ಲಿ ಬರೆಯುತ್ತಿದ್ದೆ. ಇಳಿದ ಮೇಲೆ, ಆಕಾಶದಲ್ಲಿ ನಿಜವಾಗಿ ಕಂಡದ್ದನ್ನು ಬಲಪುಟದಲ್ಲಿ. ಮೂರೆಂದರೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಮೆಟಾರ್ ವರದಿ (ಅಲ್ಲಿ ಆ ಹೊತ್ತಿಗೆ ಕಂಡ, ಅಳೆದ ಹವಾಮಾನ), ಮೊಬೈಲ್‌ನಲ್ಲಿ ವಿಂಡಿ ಆ್ಯಪ್, ಇನ್ಸಾಟ್ ಉಪಗ್ರಹದ ಚಿತ್ರಗಳು. ಹೊಸದಾಗಿ ಕಲಿಯುವವರು ಮೊದಲು ತೆರೆಯುವುದು ಆ್ಯಪ್ ಅನ್ನೇ. ನಾನೂ ಹಾಗೇ ಶುರು ಮಾಡಿದೆ.

ಅಭಿಪ್ರಾಯ ಬದಲಾದದ್ದು ಒಂದು ಏಪ್ರಿಲ್ ಮಧ್ಯಾಹ್ನ. ಸಂಜೆ ಐದರವರೆಗೆ ಮಳೆಯಿಲ್ಲ ಎಂದು ಆ್ಯಪ್ ತೋರಿಸುತ್ತಿತ್ತು. ಮೂರು ಗಂಟೆಗೆ ನನ್ನ ಸರದಿ. ಎರಡೂವರೆಯ ಮೆಟಾರ್ ತೆರೆದೆ: ಉಷ್ಣಾಂಶ 34, ಇಬ್ಬನಿ ಬಿಂದು (ಎಷ್ಟು ಡಿಗ್ರಿಗೆ ತಣಿದರೆ ಗಾಳಿಯ ತೇವ ಹನಿಗಟ್ಟುತ್ತದೋ ಅದು) 19. ಬೆಳಿಗ್ಗೆ ಬರೆದುಕೊಂಡಿದ್ದ ಇಬ್ಬನಿ ಬಿಂದು 14. ಬಿಸಿಲೇರಿದಂತೆ ಮೇಲಿನ ಒಣಗಾಳಿ ಕೆಳಕ್ಕೆ ಬೆರೆತು ಈ ಅಂಕಿ ಸಾಮಾನ್ಯವಾಗಿ ಇಳಿಯುತ್ತದೆ. ಅಂದು ಐದು ಡಿಗ್ರಿ ಏರಿತ್ತು. ಎಂದರೆ ಎಲ್ಲಿಂದಲೋ ತೇವದ ಗಾಳಿ ನುಗ್ಗಿ ಬಂದಿತ್ತು. ಮೋಡದ ಸಾಲಿನಲ್ಲಿ ‘ಸಿಬಿ’ ಎಂಬ ಎರಡಕ್ಷರ, ಅಂದರೆ ಗುಡುಗು ಮೋಡ. ನನ್ನ ಬೋಧಕರು ಕಾಗದವನ್ನು ಒಮ್ಮೆ ನೋಡಿ, “ಇವತ್ತು ಬೇಡ, ಹಗ್ಗ ಕಟ್ಟಿ” ಎಂದರು. ರೆಕ್ಕೆಗಳ ಹಗ್ಗ ಬಿಗಿದು ಮುಗಿಯುವಷ್ಟರಲ್ಲಿ ಜೋತುಬಿದ್ದಿದ್ದ ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ಸೆಟೆದು ನಿಂತಿತು. ದಿಕ್ಕು ಪೂರ್ತಿ ತಿರುಗಿತ್ತು. ರನ್‌ವೇ ಮೇಲೆ ಕೆಂಪು ಧೂಳಿನ ಗೋಡೆ ಎದ್ದಿತು. ಆ ಹೊತ್ತಿಗೆ ನಾನು ಸರ್ಕ್ಯೂಟ್‌ನಲ್ಲಿ, ಅಂದರೆ ರನ್‌ವೇ ಸುತ್ತ ಹಾರುವ ಅಭ್ಯಾಸದ ಸುತ್ತಿನಲ್ಲಿ, ಇದ್ದಿದ್ದರೆ ಎಂದು ನೆನೆದರೆ ಇಂದಿಗೂ ಅಂಗೈ ಬೆವರುತ್ತದೆ.

ಇದರಲ್ಲಿ ಆ್ಯಪ್‌ನ ತಪ್ಪೇನೂ ಇಲ್ಲ. ಅದು ತೋರಿಸುವ ಯುರೋಪಿನ ಹವಾಮಾನ ಮಾದರಿ (ಕಂಪ್ಯೂಟರ್ ಲೆಕ್ಕಾಚಾರ) ಭೂಮಿಯನ್ನು ಸುಮಾರು 9 ಕಿಲೋಮೀಟರ್ ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ. ನಮ್ಮ ಬೇಸಿಗೆಯ ಗುಡುಗು ಮೋಡವೊಂದು ಅಂಥ ಒಂದೇ ಚೌಕದೊಳಗೆ ಹುಟ್ಟಿ, ಸುರಿದು, ಸಾಯಬಲ್ಲದು. ಯಲಹಂಕದಲ್ಲಿ ಮೂರೂವರೆಗೆ ಮಳೆ ಎಂದು ಅದು ಹೇಳಲಾರದು. ಆದರೆ ಮೇಲಿನ ಗಾಳಿಯ ವಿಷಯದಲ್ಲಿ ಅದನ್ನು ಮೀರಿಸಿದ್ದು ನನಗೆ ಸಿಗಲಿಲ್ಲ. ಆಗಸ್ಟ್ ಕೊನೆಯಲ್ಲಿ ಮೈಸೂರಿಗೆ ಹೋಗುವಾಗ 25 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಎದುರುಗಾಳಿ ಇರುತ್ತದೆ ಎಂದಿತ್ತು. ನೆಟ್ಟಗೆ ಸುಮಾರು 140 ಕಿಲೋಮೀಟರ್. ಗಾಳಿಯಿಲ್ಲದಿದ್ದರೆ ನೂರು ನಾಟ್ ವೇಗದಲ್ಲಿ 45 ನಿಮಿಷದ ದಾರಿ, ಆ ಗಾಳಿಗೆ ಪೂರಾ ಒಂದು ಗಂಟೆ. ಮದ್ದೂರಿಗೆ 35 ನಿಮಿಷ ಎಂದು ಲೆಕ್ಕ ಹಾಕಿಕೊಂಡಿದ್ದೆ. ಶಿಂಷಾ ಹೊಳೆ ರೆಕ್ಕೆಯ ಕೆಳಗೆ ಹಾದಾಗ ಗಡಿಯಾರ ನೋಡಿದೆ: 36. ಆ ಸಂತೋಷವನ್ನು ಹೇಗೆ ಬರೆಯಲಿ! ಇಂಧನದ ಲೆಕ್ಕವನ್ನು ಈಗಲೂ ಆ ಗಾಳಿಯ ಅಂಕಿಗಳಿಂದಲೇ ಹಾಕುತ್ತೇನೆ.

ಉಪಗ್ರಹ ಚಿತ್ರ ನನಗೆ ಕಡಿಮೆ ಒದಗಿತು. ಇನ್‌ಫ್ರಾರೆಡ್ ಚಿತ್ರದಲ್ಲಿ ಬೆಳ್ಳಗೆ ಕಾಣುವುದೆಲ್ಲ ತಣ್ಣಗಿನ, ಎತ್ತರದ ಮೋಡ. ಜೀವಂತ ಗುಡುಗು ಮೋಡವೂ, ಅದು ಸತ್ತ ಮೇಲೆ ಉಳಿದ ಹಿಮಕಣಗಳ ಹೊದಿಕೆಯೂ ಒಂದೇ ಬಿಳುಪು. ಜನವರಿಯ ಮುಂಜಾನೆ ಇದಕ್ಕೆ ತದ್ವಿರುದ್ಧ: ದೇವನಹಳ್ಳಿ ಮೆಟಾರ್‌ನಲ್ಲಿ ಗೋಚರತೆ 300 ಮೀಟರ್, ಚಿತ್ರದಲ್ಲಿ ಏನೂ ಇಲ್ಲ. ನೆಲಕ್ಕಂಟಿದ ಮಂಜು ನೆಲದಷ್ಟೇ ತಂಪಾಗಿರುವುದರಿಂದ ಆ ಕ್ಯಾಮೆರಾಕ್ಕೆ ಎರಡೂ ಒಂದೇ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಒಂದರ ಹಿಂದೆ ಒಂದರಂತೆ ನಾಲ್ಕೈದು ಚಿತ್ರ ನೋಡಿ ಮೋಡದ ಗುಂಪು ಯಾವ ಕಡೆ ಸರಿಯುತ್ತಿದೆ ಎಂದು ತಿಳಿಯಲು ಮಾತ್ರ ಬಳಸಿ.

ಮೆಟಾರ್‌ನಲ್ಲೂ ಕೊರತೆಗಳಿವೆ, ಅವನ್ನು ತಿಳಿದೇ ಬಳಸಬೇಕು. ಅರ್ಧ ಗಂಟೆಗೊಮ್ಮೆ ಬರುವ ಆ ವರದಿ ದೇವನಹಳ್ಳಿಯದು. ಜಕ್ಕೂರು ಅಲ್ಲಿಂದ ಸುಮಾರು 18 ಕಿಲೋಮೀಟರ್ ದೂರ, ಪಕ್ಕದಲ್ಲೇ ಕೆರೆ. ಗಾಳಿಯ ವೇಗ ಹತ್ತು ನಿಮಿಷದ ಸರಾಸರಿ; ಸರಾಸರಿಗಿಂತ ಹತ್ತು ನಾಟ್ ಹೆಚ್ಚಾದರೆ ಮಾತ್ರ ರಭಸದ ಬೀಸು ದಾಖಲಾಗುತ್ತದೆ. ಎಂಟು ನಾಟ್ ಹೆಚ್ಚಿನ ಬೀಸು ವರದಿಯಲ್ಲಿ ಕಾಣುವುದಿಲ್ಲ, ಇಳಿಯುವಾಗ ಕೈಗೆ ತಿಳಿಯುತ್ತದೆ.

ಆದರೂ ನನ್ನ ಆಯ್ಕೆ ಅದೇ. ಅದರ ಅಂಕಿಗಳಿಂದ ನಾನೇ ಲೆಕ್ಕ ಹಾಕಬಲ್ಲೆ. ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು ಕಳೆದು 400ರಿಂದ ಗುಣಿಸಿದರೆ ಮಧ್ಯಾಹ್ನದ ಹತ್ತಿಮೋಡದ ತಳ ಎಷ್ಟು ಅಡಿಯಲ್ಲಿದೆ ಎಂದು ಅಂದಾಜು ಸಿಗುತ್ತದೆ; ಮುಂಜಾನೆ ಈ ಸೂತ್ರ ಕೈಕೊಡುತ್ತದೆ. ಜಕ್ಕೂರಿನ ಎತ್ತರ ಸುಮಾರು 3,000 ಅಡಿ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ಆ ಎತ್ತರಕ್ಕೆ ಮಾನಕ ಉಷ್ಣಾಂಶ, ಅಂದರೆ ಲೆಕ್ಕಕ್ಕೆ ಹಿಡಿಯುವ ಸಾಮಾನ್ಯ ಉಷ್ಣಾಂಶ, 9 ಡಿಗ್ರಿ. 34 ಇದ್ದ ದಿನ ಹೆಚ್ಚುವರಿ 25, ಡಿಗ್ರಿಗೆ 120 ಅಡಿಯಂತೆ ಇನ್ನೂ 3,000. ಅಂದರೆ ವಿಮಾನಕ್ಕೆ ಅದು 6,000 ಅಡಿ ಎತ್ತರದ ತೆಳು ಗಾಳಿ: ಓಟ ಉದ್ದ, ಏರಿಕೆ ನಿಧಾನ. ಆ್ಯಪ್‌ನ ಬಣ್ಣಗಳನ್ನು ಮಾತ್ರ ನೋಡುತ್ತಿದ್ದ ತಿಂಗಳುಗಳಲ್ಲಿ ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ.

ಈಗ ಹಿಂದಿನ ರಾತ್ರಿ ಆ್ಯಪ್‌ನಲ್ಲಿ ಮೇಲಿನ ಗಾಳಿ, ಬೆಳಿಗ್ಗೆ ಟಾಫ್ (ವಿಮಾನ ನಿಲ್ದಾಣಕ್ಕೆಂದೇ ಕೊಡುವ ಹವಾಮಾನ ಮುನ್ಸೂಚನೆ), ಹೊರಡುವ ಮುನ್ನ ಹಿಂದಿನ ಎರಡು ಗಂಟೆಯ ಮೆಟಾರ್‌ಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳುತ್ತೇನೆ. ಒಂಟಿ ಮೆಟಾರ್‌ಗಿಂತ ಆ ನಾಲ್ಕು ಸಾಲುಗಳಲ್ಲಿ ಅಂಕಿಗಳು ಹೇಗೆ ಬದಲಾಗುತ್ತಿವೆ ಎಂಬುದೇ ಹೆಚ್ಚು ಹೇಳುತ್ತದೆ. ಏರಿದ ಮೇಲೆ ಉತ್ತರಕ್ಕೆ ತಿರುಗಿ ನಂದಿ ಬೆಟ್ಟ ಕಾಣುತ್ತದೆಯೇ ಎಂದು ನೋಡುತ್ತೇನೆ. ಕಂಡರೆ ಗೋಚರತೆ 30 ಕಿಲೋಮೀಟರ್‌ಗೂ ಹೆಚ್ಚು. ಮೆಟಾರ್‌ನಲ್ಲಿ 6,000 ಮೀಟರ್ ಎಂದಿದ್ದ ದಿನವೂ ಎರಡು ಸಲ ಅದು ಸ್ಪಷ್ಟವಾಗಿ ಕಂಡಿದೆ, ಬಲಪುಟದಲ್ಲಿ ಬರೆದಿದ್ದೇನೆ.