ಸಿಮ್ ಅಂಗಡಿಯಲ್ಲಿ ಎರಡನೇ ಸಲ ಹೆಬ್ಬೆಟ್ಟು ಒತ್ತಬೇಡಿ

ಹಾಸನದವರು, ಆಲೂರು, ಅರಕಲಗೂಡು ಕಡೆಯವರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಊರಲ್ಲಿ ಎಲ್ಲರ ಅರ್ಜಿ ತುಂಬಿಕೊಡುವವನು ನಾನು. ನಾನೇ ಬಿದ್ದೆ.

ನಾಲ್ಕು ತಿಂಗಳ ಹಿಂದೆ ಹಾಸನದ ಒಂದು ಮೊಬೈಲ್ ಅಂಗಡಿಗೆ ಹೋಗಿದ್ದೆ. ಹಳೇ ಸಿಮ್ಮಿಗೆ ಹೊಲದಲ್ಲಿ ನೆಟ್‌ವರ್ಕ್ ಇಲ್ಲ, ಬೇರೆ ಕಂಪನಿಯದು ಬೇಕಿತ್ತು. ವೋಟರ್ ಕಾರ್ಡ್ ಕೊಟ್ಟೆ. "ಅದು ನಡಿಯಲ್ಲ ಅಣ್ಣ, ಆಧಾರ್ ಇಲ್ದೆ ಸಿಮ್ ಕೊಡಂಗಿಲ್ಲ" ಅಂದ. ಹಸಿ ಸುಳ್ಳು. ಸಿಮ್ಮಿಗೆ ಆಧಾರ್ ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದೇ ಹೇಳಿಯಾಗಿದೆ. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಲ್ಲಾ ಗೊತ್ತಿತ್ತು ನನಗೆ. ಆದರೆ ಹಿಂದೆ ನಾಲ್ಕು ಜನ ನಿಂತಿದ್ದರು, ಬಸ್ಸಿಗೆ ಹೊತ್ತಾಗಿತ್ತು. ಕೊಟ್ಟೆ.

ಹೆಬ್ಬೆಟ್ಟು ಇಟ್ಟೆ. ಕೆಂಪು ದೀಪ ಹತ್ತಿ ಆರಿತು. "ತಗೊಳ್ತಿಲ್ಲ ಅಣ್ಣ, ಇನ್ನೊಂದ್ಸಲ" ಅಂದ. ಶುಂಠಿ ಕಿತ್ತು ಕಿತ್ತು ನನ್ನ ಬೆರಳ ಗೆರೆ ಸವೆದಿದೆ. ರೇಷನ್ ಅಂಗಡಿಯಲ್ಲೂ ಪ್ರತಿ ತಿಂಗಳು ಇದೇ ಗೋಳು. ಹಾಗಾಗಿ ಅನುಮಾನವೇ ಬರಲಿಲ್ಲ. ಅಂಗಿಗೆ ಬೆರಳು ಒರೆಸಿಕೊಂಡೆ. ಅವನೂ ಮಿಷಿನ್ನಿನ ಗಾಜನ್ನು ಬಟ್ಟೆಯಲ್ಲಿ ಉಜ್ಜಿದ. ಎಷ್ಟು ಮರ್ಯಾದಸ್ಥ ಹುಡುಗ ಅಂದುಕೊಂಡೆ! ಮತ್ತೆ ಒತ್ತಿದೆ. ಫೋಟೋನೂ ಎರಡು ಸಲ ತೆಗೆದ. ಪರದೆ ಅವನ ಕಡೆಗೇ ಇತ್ತು. ಒಂದು ಸಿಮ್ ಕೊಟ್ಟ. ಇನ್ನೊಂದು ಅವನ ಡ್ರಾಯರಿನಲ್ಲಿ ಉಳಿಯಿತು.

ಹೋದ ವಾರ ಪೊಲೀಸರಿಂದ ಫೋನ್ ಬಂತು. ಡಿಜಿಟಲ್ ಅರೆಸ್ಟ್ ಅಂತ ಹೆದರಿಸುವ ಕಳ್ಳರು ಅಂದುಕೊಂಡು, ಚೆನ್ನಾಗಿ ಬೈದು ಇಟ್ಟೆ. ಮಾರನೇ ದಿನ ನಿಜವಾದ ಕಾನ್‌ಸ್ಟೇಬಲ್ ಮನೆ ಬಾಗಿಲಿಗೆ ಬಂದರು. ಇಡೀ ಬೀದಿ ಹೊರಗೆ ನಿಂತಿತ್ತು. ನನ್ನ ಹೆಸರಿನ ನಂಬರಿನಿಂದ ಯಾರಿಗೋ ಫೋನ್ ಮಾಡಿ ದುಡ್ಡು ಹೊಡೆದಿದ್ದಾರಂತೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಠಾಣೆಯ ಬೆಂಚಿನ ಮೇಲೆ ಕೂತೆ. "ನಂಗೊತ್ತಿಲ್ಲ ಸಾರ್" ಅಂದರೆ, "ಫೋಟೋ ನಿಮ್ದೇ ಅಲ್ವೇನ್ರಿ?" ಅಂತ ತೋರಿಸಿದರು. ನನ್ನದೇ. ಅದೇ ಅಂಗಿ.

ಅಂಗಡಿಗೆ ಹೋಗಿ ಕೇಳಿದೆ. ಅವನ ಉತ್ತರ ಕೇಳಿ: "ಥಂಬು ನಿಮ್ದು, ಸಿಮ್ಮು ನಿಮ್ದು. ನಾನೇನ್ ನಿಮ್ ಕೈ ಹಿಡ್ಕೊಂಡು ಒತ್ತಿಸಿದ್ನಾ?" ಮೊದಲನೇ ಸಲ ಫೇಲ್ ಆಯಿತು ಅಂದೆಯಲ್ಲ ಅಂದರೆ, "ಸರ್ವರ್ ಪ್ರಾಬ್ಲಮ್ ಇರಬೇಕು, ಕಂಪನಿಗೆ ಕೇಳಿ." ಕಂಪನಿಗೆ ಕೇಳಿದರೆ, "ಅಂಗಡಿಯಲ್ಲಿ ವಿಚಾರಿಸಿ." ಥಂಬು ನಿಮ್ದು, ಸಿಮ್ಮು ನಿಮ್ದು. ರಾತ್ರಿ ನಿದ್ದೆಯಲ್ಲೂ ಇದೇ ಕೇಳಿಸುತ್ತೆ.

ಆಧಾರ್ ವೆಬ್‌ಸೈಟಿನಲ್ಲಿ, ನಮ್ಮ ಆಧಾರನ್ನು ಎಲ್ಲೆಲ್ಲಿ ಬಳಸಿದ್ದಾರೆ ಅಂತ ಹಿಂದಿನ ಆರು ತಿಂಗಳ ದಾಖಲೆ ಸಿಗುತ್ತೆ. ತೆಗೆದು ನೋಡಿದೆ. ಅದೇ ದಿನ 11:42ಕ್ಕೆ ಒಂದು, 11:46ಕ್ಕೆ ಇನ್ನೊಂದು. ಎರಡೂ ಪಾಸ್. ಫೇಲ್ ಆಗಿರಲೇ ಇಲ್ಲ. ಅದನ್ನು ಪ್ರಿಂಟ್ ತೆಗೆಸಿ ಠಾಣೆಗೆ ಕೊಟ್ಟಿದ್ದೇನೆ.

ನಮ್ಮ ಭಾವ ವಕೀಲರು. "ಬರೀ ಮೋಸದ ಕೇಸು, ಪುಣ್ಯ ಮಾಡಿದ್ದೀಯ" ಅಂದರು. ಆ ಸಿಮ್ಮಿನಿಂದ ಯಾವನಾದರೂ ಬಾಂಬ್ ಬೆದರಿಕೆ ಹಾಕಿ, ನನ್ನ ಮೇಲೆ ಭಯೋತ್ಪಾದನೆ ತಡೆಯೋ ಕಾನೂನು ಯುಎಪಿಎ ಜಡಿದಿದ್ದರೆ? ಮಾಮೂಲಿ ಕೇಸಲ್ಲಿ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಕೇಳಬಹುದು. ಇದರಲ್ಲಿ ಕೋರ್ಟ್ ಒಪ್ಪಿದರೆ 180 ದಿನ. ಆಮೇಲೂ, ಆರೋಪ ಮೇಲ್ನೋಟಕ್ಕೆ ನಿಜ ಅಂತ ಜಡ್ಜಿಗೆ ಅನಿಸಿದರೆ ಜಾಮೀನೇ ಇಲ್ಲ. ಮೇಲ್ನೋಟಕ್ಕೆ ಏನಿದೆ ಹೇಳಿ? ನನ್ನ ಫೋಟೋ, ನನ್ನ ಹೆಬ್ಬೆಟ್ಟು. 2017ರಲ್ಲಿ ಸಿಮ್ಮಿಗೆ ಆಧಾರ್ ಜೋಡಿಸಿ ಅಂತ ದಿನಾ ಮೆಸೇಜ್ ಬರ್ತಿತ್ತಲ್ಲ, ಆಗ ಹೇಳಿದ್ದು ಭಯೋತ್ಪಾದಕರನ್ನು ಹಿಡಿಯೋಕೆ ಅಂತ. ಈಗ ಸಿಮ್ ಬಳಸಿದವನು ಎಲ್ಲಿದ್ದಾನೋ, ಯಾರಿಗೂ ಗೊತ್ತಿಲ್ಲ. ವಿಳಾಸ ಸಮೇತ ಸಿಕ್ಕಿದವನು ಶುಂಠಿ ಬೆಳೆಯೋನು.

ಈಗಲೇ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿಗೆ ಹೋಗಿ ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ನೋಡಿ. ನಿಮ್ಮದಲ್ಲದ್ದು ಇದ್ದರೆ ಅಲ್ಲೇ ದೂರು ಹಾಕಿ. ಆಧಾರ್ ವೆಬ್‌ಸೈಟಿನಲ್ಲಿ ಬೆರಳಚ್ಚು ಲಾಕ್ ಮಾಡಿಡಿ, ಬೇಕಾದಾಗ ಮಾತ್ರ ತೆಗೀರಿ. ಯಾವನಾದರೂ "ಇನ್ನೊಂದ್ಸಲ ಒತ್ತಿ" ಅಂದರೆ ಪರದೆ ಈ ಕಡೆ ತಿರುಗಿಸು ಅನ್ನಿ. ಹಿಂದಿನವರು ಗೊಣಗಿದರೆ ಗೊಣಗಲಿ. ನನಗೆ ಅಷ್ಟು ಸಂಕೋಚ ಯಾಕೆ ಬಂತೋ!

ಸೋಮವಾರ ಮತ್ತೆ ಠಾಣೆಗೆ ಹೋಗಬೇಕು. ಬರುವಾಗ ಆಧಾರ್ ಜೆರಾಕ್ಸ್ ಎರಡು ತನ್ನಿ ಅಂದಿದ್ದಾರೆ.