‘ಇವತ್ತೇ ಸಹಿ ಮಾಡಿ’ ಎಂದರೆ ಮಾಡಬೇಡಿ

ಇತ್ತೀಚೆಗೆ ಶಿಷ್ಯೆಯೊಬ್ಬಳು ಮೊಬೈಲಿನಲ್ಲಿ ಹಾಡಿನ ಹಕ್ಕಿನ ಕರಾರುಪತ್ರ ತೋರಿಸಿ, “ಸರ್, ಇವತ್ತೇ ಸಹಿ ಮಾಡಿ ಕಳಿಸಬೇಕಂತೆ” ಅಂದಳು. ಎದೆ ಧಸಕ್ಕೆಂದಿತು. ಸುಗಮ ಸಂಗೀತದಲ್ಲಿ ನಲವತ್ತು ವರ್ಷ ಹಾಡಿದವನು ನಾನು. ಹೊಸಬರು ದಯವಿಟ್ಟು ಇದನ್ನು ಓದಿ.

1994ರಲ್ಲಿ ಬೆಂಗಳೂರಿನ ಸ್ಟುಡಿಯೋದಲ್ಲಿ ಎಂಟು ದಾಸರ ಪದ ಹಾಡಿದೆ. ರಾಗ ಸಂಯೋಜನೆಯೂ ನನ್ನದೇ. ರಾತ್ರಿ ಬಾಡಿಗೆ ಕಡಿಮೆ ಅಂತ ಹತ್ತಕ್ಕೆ ಶುರು ಮಾಡಿದ್ದು, ಮುಗಿಯುವಾಗ ಬೆಳಗಿನ ಜಾವ. ತಬಲಾದವರು ಬೆರಳು ಹಿಸುಕಿಕೊಳ್ಳುತ್ತಿದ್ದರು, ನನ್ನ ಗಂಟಲು ಕಟ್ಟಿತ್ತು. ಆಗ ಕ್ಯಾಸೆಟ್ ಕಂಪನಿಯವರು ವೋಚರ್ ಮುಂದಿಟ್ಟರು. ನಾಲ್ಕು ಸಾವಿರ ರೂಪಾಯಿ. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿದೆ. ಮೇಲೆ ಸಣ್ಣಕ್ಷರದ ಎರಡು ಸಾಲು ಇಂಗ್ಲಿಷ್ ಇತ್ತು, ಓದಲಿಲ್ಲ.

ಹಾಡುಗಳು ಊರೂರು ಮುಟ್ಟಿದವು. ಶಿವಮೊಗ್ಗ, ಧಾರವಾಡಗಳಲ್ಲಿ ಜನ ವೇದಿಕೆಗೆ ಚೀಟಿ ಕಳಿಸಿ ಅವನ್ನೇ ಹಾಡಿಸಿಕೊಂಡರು. ಆ ಪ್ರೀತಿ ಇಂದಿಗೂ ನನ್ನ ಆಸ್ತಿ. ಎಷ್ಟು ಕ್ಯಾಸೆಟ್ ಮಾರಾಟವಾಯಿತೆಂದು ಮಾತ್ರ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಈಚೆಗೆ ಮಗ ಆ ಹಾಡುಗಳನ್ನು ಯೂಟ್ಯೂಬಿಗೆ ಹಾಕಿದ. ಅರ್ಧ ಗಂಟೆಯೊಳಗೆ ಕಾಪಿರೈಟ್ ಕ್ಲೇಮ್, ಅಂದರೆ ಹಕ್ಕು ತಮ್ಮದೆಂಬ ತಕರಾರು! ಹಳೇ ಕಂಪನಿಯ ಹಾಡುಗಳನ್ನೆಲ್ಲ ಬೇರೆಯವರು ಕೊಂಡಿದ್ದರು. ಜಾಹೀರಾತಿನ ದುಡ್ಡು ಅವರಿಗೆ. ನನ್ನ ವಕೀಲರ ನೋಟಿಸಿಗೆ ಉತ್ತರವಾಗಿ ಬಂದದ್ದು ಅದೇ ವೋಚರಿನ ನಕಲು. ಆ ಎರಡು ಸಾಲನ್ನು ಮೊದಲ ಸಲ ಓದಿದ್ದು ಆಗ: ಹಾಡುಗಾರಿಕೆ, ಸಂಯೋಜನೆ ಎರಡರ ಸಮಸ್ತ ಹಕ್ಕೂ ಶಾಶ್ವತವಾಗಿ ಕಂಪನಿಗೆ. ದಾಸರ ಸಾಹಿತ್ಯ ಎಲ್ಲರದ್ದು, ಅದಕ್ಕೆ ನಾನು ಕೂಡಿಸಿದ ಮಟ್ಟು ನನ್ನದಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಈಗ ಕಾನೂನು ನಿಮ್ಮ ಕಡೆ ಸ್ವಲ್ಪ ವಾಲಿದೆ. ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ, ಹಕ್ಕು ಬರೆದುಕೊಟ್ಟರೂ ಸಾಹಿತಿ ಮತ್ತು ಸಂಯೋಜಕರಿಗೆ ರಾಯಲ್ಟಿಯಲ್ಲಿ (ಹಾಡಿನ ಬಳಕೆಗೆ ಸಿಗುವ ಹಣದಲ್ಲಿ) ಸಮಪಾಲು ಕೇಳುವ ಹಕ್ಕು ಉಳಿಯುತ್ತದೆ. ಹಾಡಿದವರಿಗೂ ವಾಣಿಜ್ಯ ಬಳಕೆಯ ರಾಯಲ್ಟಿಗೆ ಹಕ್ಕಿದೆ. ಕರಾರಿನಲ್ಲಿ ಅವಧಿ ಕಾಣಿಸದಿದ್ದರೆ ಐದೇ ವರ್ಷ ಎಂದು ಲೆಕ್ಕ. ಅದಕ್ಕೇ ‘ಶಾಶ್ವತವಾಗಿ’ ಎಂಬ ಪದವನ್ನು ಮರೆಯದೆ ಸೇರಿಸುತ್ತಾರೆ, ಮೊದಲು ಅದನ್ನು ಹುಡುಕಿ. ಸಹಿ ಮಾಡಿದ್ದರ ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ.

ಶಿಷ್ಯೆಯ ಕರಾರಿನಲ್ಲೂ ಆ ಪದ ಇತ್ತು. ಅದನ್ನು ತೆಗೆದು ಐದು ವರ್ಷ ಎಂದು ಬರೆಯಿರಿ ಅಂತ ಅವಳು ಕೇಳಿದ್ದಾಳೆ. ‘ಇವತ್ತೇ ಬೇಕು’ ಅಂದವರು ನಾಲ್ಕು ದಿನವಾದರೂ ಉತ್ತರ ಕೊಟ್ಟಿಲ್ಲ.